ಹೆಣವಿದ್ದ ಬೀದಿಯಲ್ಲಿ ಮಗ್ಗದ ಸದ್ದು

"ಏನ್ ಚೋಯಿಯೇಟ್ಟ, ಇವತ್ತು ಬೀದೀಗೆಲ್ಲ ರಜಾನಾ? ಒಂದು ಮಗ್ಗಾನೂ ಮಾತಾಡ್ತಿಲ್ಲ!"

ಕೇಳಿದ ಮೇಲೆ ಬೀರಾನ್ ಕೋಯ ನಾಲಿಗೆ ಕಚ್ಚಿಕೊಂಡ. ಎದುರಿನ ಜಗಲಿಯ ಮೇಲೆ ಹೆಣ ಮಲಗಿತ್ತು. ಆಸ್ಪತ್ರೆಯವರು ಕೊಯ್ದು ನೋಡಿ, ಮತ್ತೆ ಹೊಲಿದು, ಆ ಬೆಳಗ್ಗೆಯಷ್ಟೇ ತಂದೊಪ್ಪಿಸಿದ್ದ ರೈರು ಮೇಸ್ತ್ರಿಯ ಹೆಣ.

ನೇಕಾರರ ಬೀದಿಗೆ ಹಿರಿಯನಾದ ಚೋಯಿ ತಲೆಯೆತ್ತಿ ನೋಡಿದ. ಅವನಿಗೆ ಸಿಟ್ಟು ಬರಲಿಲ್ಲ. ಏನೂ ತಿಳಿಯದ ಮಗುವಿಗೆ ಹೇಳುವ ಹಾಗೆ ಹೇಳಿದ.

"ಹೆಣ ಇರೋ ಬೀದೀಲಿ ಲಾಳಿ ಎಸೀತಾರಾ ಕೋಯಾಕಾ? ಚಿತೆ ಹೊತ್ತಿಕೊಳ್ಳೋವರೆಗೂ ಇಲ್ಲಿ ಯಾವ ಮಗ್ಗಾನೂ ಸದ್ದು ಮಾಡಂಗಿಲ್ಲ. ಅಜ್ಜಂದಿರ ಕಾಲದ ಕಟ್ಟಳೆ."

"ಯಾರ ಹೆಣ ಆದ್ರೂ?"

"ಬೀದಿ ಅಂದ್ಮೇಲೆ ಒಂದೇ ಮನೆ. ಯಾರದಾದ್ರೇನು?"

ಕೋಯ ತಲೆಯಾಡಿಸಿ ಒಂದು ಹೆಜ್ಜೆ ಮುಂದಿಟ್ಟ. ಎರಡನೆಯ ಹೆಜ್ಜೆ ಇಡಲು ಕಾಲೇ ಬರಲಿಲ್ಲ. ಗುರುವಾರ ಮಸೀದಿಗೆ ಹೊರಟವನು ಇದೇ ಬೀದಿಯ ತುದಿಯಲ್ಲಿ ನಿಂತು, ಎದೆ ಬಡಿದುಕೊಂಡು ಹೋಗುತ್ತಿದ್ದ ಹೆಂಗಸರಿಗೆ ದಾರಿ ಬಿಟ್ಟದ್ದು ನೆನಪಾಯಿತು.

"ಗುರುವಾರ ತೀರಿಕೊಂಡ್ರಲ್ಲ, ನಿಮ್ಮ ಚಿರುತೆಯಮ್ಮ. ಯಾವ ಹೊತ್ತಿಗೆ?"

"ಬೆಳಗ್ಗೆ. ನೂಲಿಗೆ ಹಾಕೋ ಗಂಜಿ ಒಲೆ ಮೇಲೆ ಕುದೀತಿತ್ತು, ಜೀವ ಹೋಯ್ತು."

"ಚಿತೆ?"

"ಮಗ ತಲಶ್ಶೇರಿಯಿಂದ ಬರಬೇಕಿತ್ತಲ್ಲ. ಸಂಜೆ ಆಯ್ತು."

ಕೋಯ ಬೆರಳು ಮಡಿಸಿ ಹೊತ್ತಿನ ಲೆಕ್ಕ ಹಾಕಿದ. ತನ್ನದೇ ಮಗ್ಗದಡಿ ಕಾಲಿಳಿಸಿ ತುಳಿಯುವ ಗುಂಡಿಯಲ್ಲಿ, ಕತ್ತಿಗೆ ಕೋರಾ ಬಟ್ಟೆಯ ಪಟ್ಟಿ ಬಿಗಿದು ಸತ್ತುಬಿದ್ದಿದ್ದ ರೈರುವಿನ ಕೊಲೆಗೆ ಅವನ ಅಳಿಯ ಅಚ್ಯುತನ್ ಲಾಕಪ್ಪಿನಲ್ಲಿ ಕೂತಿದ್ದ. ಅವನನ್ನು ಅಲ್ಲಿ ಕೂರಿಸಿದ್ದು ಬೇರೆ ಯಾರೂ ಅಲ್ಲ, ಕೋಯನ ಕಿವಿ.

ಆ ಕಿವಿಯ ಮೇಲೆ ಕೋಯನಿಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಕಲ್ಲಿಕೋಟೆಯ ಕಡಲಕಟ್ಟೆಯಲ್ಲಿ ಸುಂಕದವನಾಗಿ ತಲೆ ನರೆಸಿಕೊಂಡವನು. ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, ಕಳ್ಳ ಅಡಿ ಇದೆಯೋ ಇಲ್ಲವೋ ಸದ್ದಿನಲ್ಲೇ ಹೇಳುತ್ತಿದ್ದ. ಪೆನ್ಷನ್ ಬಂದ ಮೇಲೂ ಸುಮ್ಮನೆ ಕೂರಲಾರದೆ ಮಂದಿಯ ಗುಟ್ಟಿನ ಕೆಲಸಗಳನ್ನು ಮೈಮೇಲೆ ಹಾಕಿಕೊಳ್ಳುತ್ತಿದ್ದ. "ನಿಮ್ಮ ಅಂಗಾಲಿನಡಿ ಇರುವೆ ಗೂಡು ಕಟ್ಟಿದೆ" ಎಂದು ಹೆಂಡತಿ ಬೀಪಾತು ದಿನಾ ಬೈಯುತ್ತಿದ್ದಳು.

ಗುರುವಾರ ಮಸೀದಿಯ ಮಧ್ಯಾಹ್ನದ ಬಾಂಗಿಗೆ ಸ್ವಲ್ಪ ಮುಂಚೆ ರೈರುವಿನ ಮನೆಯ ಮಗ್ಗ ಆಡುತ್ತಿದ್ದುದನ್ನು ಆ ಕಿವಿ ಕೇಳಿತ್ತು. ಹಾಗೆಂದು ಇನ್‌ಸ್ಪೆಕ್ಟರ್ ನಂಬಿಯಾರರಿಗೆ ಹೇಳಿಯೂ ಹೇಳಿತ್ತು. ಅಂದಮೇಲೆ ರೈರು ಅಲ್ಲಿಯವರೆಗೆ ಬದುಕಿದ್ದ. ಬಾಂಗು ಮುಗಿದ ಮೇಲೆ ಆ ಮನೆಯಿಂದ ಅಚ್ಯುತನ್ ಎದ್ದೆನೋ ಬಿದ್ದೆನೋ ಎಂದು ಓಡಿದ್ದನ್ನು ಇಡೀ ಬೀದಿ ಕಂಡಿತ್ತು. ಇನ್ನೇನು ಬೇಕು ಪೊಲೀಸರಿಗೆ? ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವವರಿದ್ದರು. ಆಮೇಲೆ ಜೈಲು, ಅದರಾಚೆ ನೇಣು.

"ಚೋಯಿಯೇಟ್ಟ," ಕೋಯ ಅವನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. "ಚಿರುತೆಯಮ್ಮನ ಹೆಣ ಅಂಗಳದಲ್ಲಿತ್ತು. ಹಾಗಿದ್ರೆ ಇಲ್ಲಿ ಮಗ್ಗ ಆಡಿಸಿದ್ದು ಯಾರು?"

ಚೋಯಿಯ ಮುಖ ಬಾಡಿತು.

"ನೀವೂ ಕೇಳಿಸ್ಕೊಂಡ್ರಾ?"

"ನಾನಿರಲಿ, ನೀವು?"

"ಬೀದಿ ಪೂರ್ತಿ ಕೇಳ್ತು. ಅತ್ತ ಮುದುಕೀನ ಮೀಯಿಸ್ತಿದ್ದೀವಿ, ಇತ್ತ ಟಕ್ ಟಕ್ ಟಕ್ ಟಕ್. ಮುಖ ಎಲ್ಲಿ ಇಟ್ಕೊಳ್ಳೋದು ಗೊತ್ತಾಗ್ಲಿಲ್ಲ. ರೈರೂಗೆ ಏನು ಕೇಡುಗಾಲ ಬಂತಪ್ಪ ಅಂದ್ಕೊಂಡ್ವಿ."

"ಪೊಲೀಸ್ರ ಮುಂದೆ ಈ ಮಾತು ಯಾಕೆ ಬರ್ಲಿಲ್ಲ?"

"ಏನಂತ ಬರಬೇಕು? ಹೆಣದ ಮುಂದೆ ಲಾಳಿ ಎಸೀತಾ ಎಸೀತಾ ಸತ್ತ ಅಂತಾನಾ? ಸತ್ತವನ ಮಾನ ನಾವೇ ಹರಾಜು ಹಾಕೋದಾ? ಎಲ್ರೂ ಕೂತು ಮಾತಾಡಿದ್ವಿ. ಬಾಯಿ ಮುಚ್ಕೊಂಡಿರೋದು ಅಂತ ಆಯ್ತು."

"ಅಯ್ಯೋ ನಿಮ್ಮ ಮಾನಾನ ಹೊಳೆಗೆ ಹಾಕ! ಅಲ್ಲಿ ಒಂದು ಹುಡುಗನ ಕತ್ತಿಗೆ ಹಗ್ಗ ಬೀಳ್ತಾ ಇದೆ!" ಕೋಯ ದನಿ ತಗ್ಗಿಸಿದ. "ನೀವೇ ಹೇಳಿ. ನಿಮಗೆ ಗೊತ್ತಿರೋ ರೈರು ಅಂಥ ಕೆಲಸ ಮಾಡೋವ್ನಾ?"

ಚೋಯಿ ಹೆಣದ ಪಾದಗಳ ಕಡೆ ನೋಡಿದ.

"ಇಲ್ಲ," ಎಂದ. "ಪ್ರಾಣ ಹೋದ್ರೂ ಮಾಡೋನಲ್ಲ."

"ಹಾಗಾದ್ರೆ ಮಗ್ಗದ ಮೇಲೆ ಇದ್ದದ್ದು ರೈರು ಅಲ್ಲ."

ಇದಿಷ್ಟು ಬಾಯಿಂದ ಬಂದದ್ದೇ ಕೋಯ ಎದ್ದು ನಿಂತುಬಿಟ್ಟ. ಅಚ್ಯುತನ್ ಅವತ್ತು ಬಾಂಗಿನವರೆಗೆ ಬಟ್ಟೆ ವ್ಯಾಪಾರಿ ಪ್ರಾಗ್‌ಜಿ ಸೇಠನ ಕಡಲದಂಡೆಯ ಗೋದಾಮಿನಿಂದ ಮಾಲನ್ನು ದೋಣಿಗೆ ತುಂಬಿಸುತ್ತಿದ್ದ. ಮೂಟೆ ಹೊರುವ ಖಲಾಸಿಗಳ ಇಡೀ ತಂಡ ಅದಕ್ಕೆ ಸಾಕ್ಷಿ. ಆ ಸಾಕ್ಷಿಯನ್ನು ಕೋಯನೇ ನಿನ್ನೆ ಹುಡುಕಿ ತೆಗೆದಿದ್ದ. ಆದರೆ ರೈರು ಬಾಂಗಿನವರೆಗೂ ಬದುಕಿದ್ದ ಎಂದಮೇಲೆ ಅದರಿಂದ ಮೂರು ಕಾಸಿನ ಪ್ರಯೋಜನವಿರಲಿಲ್ಲ. ಈಗ ಇದೆ. ಬೆಳಗ್ಗೆಯೇ ಯಾರೋ ಕೊಂದು, ಜೀವ ಇದೆಯೆಂದು ಬೀದಿಗೆ ತೋರಿಸಲು ಮಗ್ಗ ಆಡಿಸಿದ್ದರೆ ಅಚ್ಯುತನ್ ಬಚಾವು!

"ಕೋಯಾಕಾ."

ಬಾಗಿಲಲ್ಲಿ ಜಾನು ನಿಂತಿದ್ದಳು, ರೈರುವಿನ ಒಬ್ಬಳೇ ಮಗಳು, ಅಚ್ಯುತನ ಹೆಂಡತಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಳು ಮುಗಿದು, ಕಣ್ಣು ಒಣಗಿ, ತುಟಿ ಒಡೆದಿತ್ತು.

"ಏನಾದ್ರೂ ಸಿಕ್ತಾ? ಅವ್ರು ಬರ್ತಾರಾ?"

"ಬರ್ತಾನೆ ಮಗಳೇ. ಇವತ್ತೇ ಒಂದು ದಾರಿ ಆಗುತ್ತೆ," ಎಂದ ಕೋಯ. ಹೀಗೆ ಮಾತು ಕೊಡಬಾರದು ಎಂದು ಮೂವತ್ತು ವರ್ಷ ಸುಂಕದ ಕೆಲಸ ಕಲಿಸಿತ್ತು. ಆದರೂ ಬಾಯಿಂದ ಬಂದುಬಿಟ್ಟಿತು.

ಆ ಹುಡುಗಿಯ ಮೇಲೆ ಕೋಯನಿಗೆ ಮಮತೆ ಹುಟ್ಟಿದ್ದು ನಿನ್ನೆ. ಅವನ ಮನೆಗೆ ಬಂದವಳು, ಗಂಡನನ್ನು ಬಿಡಿಸಿಕೊಡಿ ಎಂದು ಅಳುತ್ತಲೇ, ಅವನ ಹೆಗಲುಚೀಲದ ಪಟ್ಟಿ ಕಿತ್ತುಹೋದದ್ದನ್ನು ನೋಡಿ ಸೆರಗಿಗೆ ಸಿಕ್ಕಿಸಿಕೊಂಡಿದ್ದ ದಬ್ಬಳ ತೆಗೆದಳು. ಸೇಠನ ಗೋದಾಮಿನಲ್ಲಿ ಬಟ್ಟೆಮೂಟೆಗಳ ಬಾಯಿ ಹೊಲಿಯುವುದು ಅವಳ ಕೆಲಸ. ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ಹಿಂದೆ ಬರುವ ಹೊಲಿಗೆ, ಕೊನೆಗೊಂದು ದಪ್ಪ ಗಂಟು. "ಹಡಗಿನಲ್ಲಿ ಎತ್ತಿ ಬಿಸಾಡಿದ್ರೂ ಬಿಚ್ಚಲ್ಲ ಕೋಯಾಕಾ. ಈ ಹೊಲಿಗೆ ಗೋದಾಮಿನಲ್ಲಿ ನನ್ನೊಬ್ಬಳಿಗೇ ಬರೋದು," ಎಂದಿದ್ದಳು. ಅಷ್ಟು ಸಂಕಟದಲ್ಲೂ ಕೈ ಕೆಲಸದ ಹೆಮ್ಮೆ.

"ಗುರುವಾರ ಬೆಳಗ್ಗೆ ನೀನೆಲ್ಲಿದ್ದೆ ಜಾನು?"

"ಚಿರುತೆಯಮ್ಮನ ಮನೇಲಿ. ಸಾವಾಯ್ತಲ್ಲ, ಕೆಲಸಕ್ಕೆ ಹೋಗ್ಲಿಲ್ಲ."

"ಅಚ್ಯುತ ಯಾಕೆ ಬಾಯಿ ಬಿಡ್ತಿಲ್ಲ? ನಿನ್ನೆ ಅಷ್ಟು ಕೇಳ್ದೆ. 'ಜಾನೂಗೆ ಏನೂ ಗೊತ್ತಿಲ್ಲ' ಅನ್ನೋದೊಂದು ಬಿಟ್ಟು ಇನ್ನೊಂದು ಮಾತಿಲ್ಲ."

ಜಾನುವಿನ ಕಣ್ಣಿನಲ್ಲಿ ಮತ್ತೆ ನೀರು ತುಂಬಿತು. "ಅವ್ರು ಹಾಗೇನೇ," ಎಂದಳು.

ಒಳಗೆ, ಮಗ್ಗದ ಕೋಣೆಯ ಮೂಲೆಯಲ್ಲಿ ರೈರುವಿನ ಹೆಂಡತಿ ಕಲ್ಯಾಣಿಯಮ್ಮ ಕೂತಿದ್ದಳು. ಕೆಳಗೆ ಮಡಿಸಿದ ಗೋಣಿತಾಟು. ಪಕ್ಕದಲ್ಲಿ ಒಳ್ಳೆಯ ಚಾಪೆ ಹಾಸಿತ್ತು. "ಇಲ್ಲಿ ಬಾ ಅಕ್ಕಾ, ಗೋಣಿ ಮೇಲೆ ಯಾಕೆ," ಎಂದು ಹೆಂಗಸರು ಕರೆದು ಕರೆದು ಸೋತಿದ್ದರು. ಗುರುವಾರದಿಂದ ಆ ಹೆಂಗಸು ಒಂದು ಮಾತಾಡಿರಲಿಲ್ಲ. ಗೋಣಿ ಬಿಟ್ಟು ಅಲುಗಿಯೂ ಇರಲಿಲ್ಲ. ದುಃಖಕ್ಕೆ ಯಾರು ಯಾವ ಜಾಗ ಹಿಡಿಯುತ್ತಾರೋ ಯಾರು ಬಲ್ಲರು ಎಂದುಕೊಂಡು ಕೋಯ ಜಟಕಾ ಹತ್ತಿದ.

ಜಟಕಾದ ಉದ್ದಕ್ಕೂ ಅವನ ತಲೆಯಲ್ಲಿ ಒಂದೇ ಹೆಸರು. ಮಗ್ಗ ಗೊತ್ತಿರಬೇಕು, ಬೀದಿಯ ಕಟ್ಟಳೆ ಗೊತ್ತಿರಬಾರದು. ಅಂಥವನು ಕಲ್ಲಿಕೋಟೆಯಲ್ಲಿ ಒಬ್ಬನೇ.

ಸತ್ಯನಾಥನ್ ಗೋದಾಮಿನ ಬಾಗಿಲಲ್ಲೇ ಸಿಕ್ಕ. ಸೇಠನ ಬಲಗೈ. ಯಾವುದೋ ದೊಡ್ಡ ನೇಯ್ಗೆ ಕಾರ್ಖಾನೆಯಲ್ಲಿ ಕೆಲಸ ಕಲಿತವನು. ಆಮೇಲೆ ಬರ್ಮಾದ ಯುದ್ಧಕ್ಕೆ ಹೋಗಿ ಬಂದವನು. ಸ್ವಲ್ಪ ಕುಂಟುತ್ತಿದ್ದ. ಇಸ್ತ್ರಿ ಮಾಡಿದ ಪ್ಯಾಂಟು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ಲು.

"ಬನ್ನಿ ಕೋಯಾಕಾ. ಸುಲೈಮಾನಿ ತರಿಸ್ಲಾ? ಕಾಲ ಮೇಲೆ ನಿಂತೇ ಕುಡೀತೀರಿ ಅಂತ ಗೊತ್ತು."

"ಚಹಾ ಆಮೇಲೆ. ಆ ಮೂಟೆ ಒಳಗಿರೋದು ಏನು?"

ಒಳಗೆ ಮೂಟೆಗಳ ಗುಡ್ಡವೇ ಇತ್ತು. ಪ್ರತಿಯೊಂದರ ಮೇಲೂ ನೀಲಿಯ ಮುದ್ರೆ, ರೈರು ಮೇಸ್ತ್ರಿಯ ಮುದ್ರೆ. ಪ್ರತಿಯೊಂದರ ಬಾಯಿಗೂ ಜಾನುವಿನ ಹೊಲಿಗೆ, ಹುಣಸೆ ಬೀಜದಷ್ಟು ದಪ್ಪನೆಯ ಗಂಟು.

"ಬಟ್ಟೆ," ಎಂದ ಸತ್ಯನಾಥನ್. "ಕಲ್ಲಿಕೋಟೆ ಬಟ್ಟೆ. ಪರದೇಶದವ್ರು ಕ್ಯಾಲಿಕೊ ಅಂತಾರೆ, ನಾವು ಕೋರಾ ಅಂತೀವಿ."

"ಗಿರಣಿ ಬಟ್ಟೆಗೆ ರೈರು ಮುದ್ರೆ ಒತ್ತಿದ್ರೆ ಕಲ್ಲಿಕೋಟೆ ಬಟ್ಟೆ ಆಗಿಬಿಡುತ್ತಾ? ಊರಿನ ಹೆಸರು ಹೊತ್ತ ಬಟ್ಟೆ ಕಣಯ್ಯ. ನಿಮ್ಮ ಸೇಠ್ ಊರನ್ನೇ ಮೂಟೆ ಕಟ್ಟಿ ಮಾರ್ತಾ ಇದ್ದಾನೆ."

ಸತ್ಯನಾಥನ್ ಅತ್ತಿತ್ತ ನೋಡಿದ. ಖಲಾಸಿಗಳು ದೂರದಲ್ಲಿದ್ದರು. "ಮೆಲ್ಲಗೆ. ಯಾರು ಹೇಳಿದ್ರು ನಿಮಗೆ?"

"ರೈರೂಗೆ ಹೇಳಿದವಳೇ ನನಗೂ ಹೇಳಿದ್ದು. ಅವನ ಮಗಳು. ಹಡಗು ಬರೋದರೊಳಗೆ ಸುಂಕದವರಿಗೆ ತಿಳಿಸ್ತೀನಿ ಅಂತ ರೈರು ಕುಣೀತಿದ್ದ. ಹಡಗು ಬಂತು, ರೈರು ಹೋದ. ಎಂಥಾ ಚಂದದ ಮುಹೂರ್ತ ನೋಡು!"

"ಮುದ್ರೆ ಒತ್ತಿದ್ದು ನಾನೇ. ಒಪ್ಕೋತೀನಿ. ಸೇಠ್ ಒತ್ತು ಅಂದ್ರು, ಒತ್ತಿದೆ. ಹೊಟ್ಟೆಪಾಡು. ಕೊಲೆ ಗಿಲೆ ನನ್ನ ತಲೆಗೆ ಕಟ್ಟಬೇಡಿ."

"ಕಟ್ಟೋದು ನಾನಲ್ಲ, ಮಗ್ಗ." ಕೋಯ ಹತ್ತಿರ ಬಂದ. "ಗುರುವಾರ ಆ ಬೀದೀಲಿ ಹೆಣ ಇತ್ತು. ಬೀದಿಯವರಾದ್ರೆ ಸತ್ರೂ ಲಾಳಿ ಮುಟ್ತಿರಲಿಲ್ಲ. ಮುಟ್ಟಿದವನು ಹೊರಗಿನವನು. ನೇಯೋಕೆ ಬರೋ ಹೊರಗಿನವನು. ಅವನಿಗೆ ರೈರು ಬದುಕಿರೋದು ಬೇಕಿರಲಿಲ್ಲ. ಯಾರಪ್ಪಾ ಅವನು?"

ಸತ್ಯನಾಥನ್ ಒಂದು ಕ್ಷಣ ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಕೋಯನಿಗೆ ಮೈಯೆಲ್ಲ ಉರಿಯಿತು.

"ನಗು, ನಗು. ಸೋಮವಾರ ನೀನು ಲಾಕಪ್ಪಿನಲ್ಲಿ ಕೂತಾಗ ನಾನು ನಗ್ತೀನಿ."

"ಕೋಯಾಕಾ, ನನ್ನಜ್ಜ ಆ ಬೀದಿಯವನೇ. ಆಮೇಲಲ್ವಾ ನಾವು ಕ್ರೈಸ್ತರಾಗಿ ಇಗರ್ಜಿಗೆ ಸೇರಿದ್ದು? ಹೆಣ ಇದ್ದಾಗ ಲಾಳಿ ಎಸೀಬಾರದು ಅಂತ ನಮ್ಮನೇಲಿ ಇವತ್ತಿಗೂ ಹೊಲಿಗೆ ಮೆಷಿನ್ ಕೂಡ ನಿಲ್ಲಿಸ್ತಾರೆ. ಅದು ಹಾಗಿರಲಿ. ಗುಂಡಿಮಗ್ಗ ತುಳಿಯೋಕೆ ಏನು ಬೇಕು?"

"ಏನು?"

"ಎರಡು ಕಾಲು."

ಅವನು ಮೂಟೆಯ ಮೇಲೆ ಕೂತು ಪ್ಯಾಂಟಿನ ಎಡಗಾಲನ್ನು ಮೇಲೆತ್ತಿದ. ಮೊಣಕಾಲಿನ ಕೆಳಗೆ ಪಾಲಿಷ್ ಮಾಡಿದ ಮರವಿತ್ತು. ಮಾರ್ಕೆಟ್ಟಿನ ಕುರ್ಚಿ ಕಾಲಿನ ಹಾಗೆ.

"ಒಂದನ್ನ ಬರ್ಮಾದಲ್ಲಿ ಬಿಟ್ಟು ಬಂದೆ. ಹೇಳಿಕೊಂಡು ತಿರುಗೋ ವಿಷಯ ಅಲ್ಲ ಅಂತ ಸುಮ್ನಿದ್ದೆ. ಇದನ್ನ ಗುಂಡಿಗೆ ಇಳಿಸಿದ್ರೆ ಎತ್ತೋಕೆ ಕ್ರೇನ್ ಬೇಕು. ನಿಮ್ಮ ಕಿವಿ ಏನೋ ಚುರುಕು ಕೋಯಾಕಾ, ಕಣ್ಣಿಗೊಂದು ಕನ್ನಡಕ ಹಾಕಿಸ್ಕೊಳ್ಳಿ."

ಕೋಯ ಪೆಚ್ಚಾದ. ಎರಡು ದಿನದಿಂದ ಅವನು ಕುಂಟುವುದನ್ನು ನೋಡುತ್ತಲೇ ಇದ್ದ. ಉಳುಕಿರಬೇಕು ಅಂದುಕೊಂಡಿದ್ದ. ಥೂ, ನನ್ನ ಬುದ್ಧಿಗಿಷ್ಟು ಮಂಗಳಾರತಿ ಎಂದು ಮನಸ್ಸಿನಲ್ಲೇ ಬೈದುಕೊಂಡ.

ಪ್ಯಾಂಟು ಇಳಿಸಿಕೊಂಡ ಸತ್ಯನಾಥನ್ ಈಗ ನಗುತ್ತಿರಲಿಲ್ಲ.

"ರೈರು ನನಗೂ ಬೇಕಾದವರೇ. ಒಂದು ಮಾತು ಹೇಳ್ತೀನಿ ಕೇಳಿ. ಯಾರು ಕೂತಿದ್ರು ಅಂತ ಗೊತ್ತಾಗಬೇಕಾದ್ರೆ ಮಗ್ಗದ ಮೇಲಿನ ಬಟ್ಟೆ ನೋಡಿ. ನೋಡೋದಾದ್ರೆ ಈಗ್ಲೇ ನೋಡಿ. ನೇಕಾರ ಸತ್ರೆ ಮಗ್ಗದ ಮೇಲೆ ಅರ್ಧ ಆಗಿರೋ ಬಟ್ಟೆ ಕತ್ತರಿಸಿ ಹೆಣಕ್ಕೆ ಹೊದಿಸ್ತಾರೆ. ಬೇರೆಯವ್ರು ಅದನ್ನ ಮುಗಿಸಂಗಿಲ್ಲ. ಹೆಣದ ಜೊತೆ ಅದೂ ಬೂದಿ."

ಕೋಯ ಆಗಲೇ ಬಾಗಿಲಾಚೆಗಿದ್ದ. ಹಿಂದಿನಿಂದ ಸತ್ಯನಾಥನ ದನಿ ಬಂತು.

"ಗುರುವಾರ ಯಾರು ಬಂದ್ರು, ಯಾರು ಹೋದ್ರು ಅಂತ ಬೇಕಿದ್ರೆ ಜಾನೂನೇ ಕೇಳಿ! ಬೆಳಕು ಹರಿಯೋದಕ್ಕೆ ಮುಂಚೇನೇ ಬಂದು ಈ ಮೂಟೆಗಳನ್ನೆಲ್ಲ ಹೊಲಿದದ್ದು ಅವಳೇ!"

ಕೋಯ ನಿಂತ. ತಿರುಗಿ ನೋಡಿದ. ಕೆಲಸಕ್ಕೆ ಹೋಗಲಿಲ್ಲ ಎಂದಿದ್ದಳಲ್ಲ? ದುಃಖದಲ್ಲಿ ದಿನ ತಪ್ಪಿ ಹೇಳಿರಬೇಕು. ಅಥವಾ ಈ ಮರಗಾಲಿನವನು ತಪ್ಪಿ ಹೇಳುತ್ತಿರಬೇಕು. ಎದೆಯಲ್ಲಿ ಮುಳ್ಳು ಮುರಿದಂತಾದರೂ ಕೀಳಲು ಹೊತ್ತಿರಲಿಲ್ಲ. ಬಟ್ಟೆ ಸುಡುವ ಮೊದಲು ಅಲ್ಲಿರಬೇಕಿತ್ತು.

ದಾರಿಯಲ್ಲಿ ಠಾಣೆಗೆ ನುಗ್ಗಿ ನಂಬಿಯಾರರನ್ನು ಊಟದ ಎಲೆಯಿಂದಲೇ ಎಬ್ಬಿಸಿಕೊಂಡು ಬಂದ. ಜಟಕಾ ಕುಲುಕಿದಾಗಲೆಲ್ಲ ಇನ್‌ಸ್ಪೆಕ್ಟರರ ಹೊಟ್ಟೆ ಕುಲುಕುತ್ತಿತ್ತು.

"ಕೋಯಾ, ಸರ್ಕಾರ ನಿಮಗೆ ಪೆನ್ಷನ್ ಕೊಡೋದು ಮನೇಲಿ ಕೂರ್ಲಿ ಅಂತ. ಒಳ್ಳೇ ಬಂಗುಡೆ ಸಾರು ಬಿಟ್ಟು ಬಂದಿದ್ದೀನಿ."

"ಸಾರು ಬಿಸಿ ಮಾಡ್ಕೊಂಡು ತಿನ್ನಬಹುದು ಸಾರ್. ನೇಣು ಹಾಕಿದವನನ್ನ ಇಳಿಸಿ ಮಾತಾಡಿಸೋಕಾಗಲ್ಲ."

ಬೀದಿಗೆ ಬಂದಾಗ ಚಟ್ಟ ಕಟ್ಟಿ ಆಗಿತ್ತು. ರೈರುವಿನ ಮೇಲೆ ಗಂಜಿಯ ವಾಸನೆ ಇನ್ನೂ ಆರದ ಕೋರಾ ಬಟ್ಟೆ ಹೊದಿಸಿದ್ದರು. ಮಗ್ಗದಿಂದ ಕತ್ತರಿಸಿದ ತುದಿಯಲ್ಲಿ ಬಿಡಿ ಎಳೆಗಳು ಜೋಲುತ್ತಿದ್ದವು. ನಾಲ್ಕು ಜನ ಹೆಗಲು ಕೊಡಲು ಬಗ್ಗಿದ್ದರು.

"ನಿಲ್ಲಿಸಿ!" ಎಂದು ಕೋಯ ಕೂಗಿದ. ಹೆಂಗಸರ ಅಳು ತಟ್ಟನೆ ನಿಂತಿತು. "ತಪ್ಪು ತಿಳ್ಕೋಬೇಡಿ. ನಾನು ಮುಟ್ಟಲ್ಲ. ಚೋಯಿಯೇಟ್ಟ, ನೀವೇ ಆ ಬಟ್ಟೆಯ ತುದಿ ಎತ್ತಿ ನೋಡಿ. ಕೊನೇ ಮೊಳ."

ಜಾನು ಜಗಲಿಯಿಂದ ಇಳಿದು ಬಂದಳು. "ಬೇಡ ಕೋಯಾಕಾ. ಅಪ್ಪ ನೆಮ್ಮದಿಯಾಗಿ ಹೋಗ್ಲಿ."

"ನಿನ್ನ ಗಂಡನಿಗೋಸ್ಕರಾನೇ ಮಗಳೇ. ಒಂದೇ ನಿಮಿಷ."

ಚೋಯಿ ಮೊಣಕಾಲೂರಿ ಕೂತ. ಬಟ್ಟೆಯ ಮೇಲೆ ಅಂಗೈ ಆಡಿಸಿದ. ಒಂದು ಕಡೆ ಕೈ ನಿಂತಿತು.

"ಇಲ್ಲಿವರೆಗೆ ರೈರು ಕೈ. ಗಟ್ಟಿ ಏಟು. ಇಲ್ಲಿಂದಾಚೆ ಬೇರೆ ಕೈ. ಮೆತ್ತಗೆ ಹೊಡೆದಿದೆ." ಅವನು ಬಟ್ಟೆಯನ್ನು ಬೆಳಕಿಗೆ ಎತ್ತಿದ. ಬೇರೆ ಕೈ ಶುರುವಾದ ಸ್ವಲ್ಪ ಆಚೆಯಿಂದ ತುದಿಯವರೆಗೆ ಒಂದು ಸಣ್ಣ ಬಿರುಕು, ಕೂದಲೆಳೆಯಷ್ಟು ಬೆಳಕು. "ಹಾಸಿನ ಎಳೆ ಒಂದು ಕಡಿದಿದೆ. ಕಟ್ಟಿಲ್ಲ."

"ಮರೆತಿರಬಹುದು," ಎಂದರು ನಂಬಿಯಾರ್.

"ಎಳೆ ಕಡಿದ್ರೆ ಕೈ ತಾನಾಗೇ ಹೋಗಿ ಗಂಟು ಹಾಕುತ್ತೆ ಸಾರ್, ನಿದ್ದೇಲೂ. ಹೆಣ ಇದ್ದಾಗ ಮಾತ್ರ ನಾವು ನೂಲಿಗೆ ಗಂಟು ಹಾಕಲ್ಲ. ಯಾವ ನೂಲಿಗೂ. ಸತ್ತವರ ದಾರೀಲಿ ಗಂಟು ಬೀಳುತ್ತೆ ಅಂತ." ಚೋಯಿ ಎದ್ದು ನಿಂತ. "ಕೋಯಾಕಾ, ಹೊರಗಿನವರಲ್ಲ. ಸಾವು ಗೊತ್ತಿದ್ದೂ ಲಾಳಿ ಎಸೆದಿದ್ದಾರೆ. ಗಂಟು ಹಾಕೋಕೆ ಮಾತ್ರ ಕೈ ಬಂದಿಲ್ಲ. ನಮ್ಮವರೇ."

ಬೀದಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು.

"ನಾನೇ."

ಯಾರ ದನಿ ಎಂದು ಯಾರಿಗೂ ಮೊದಲು ಗೊತ್ತಾಗಲಿಲ್ಲ. ಎರಡು ದಿನ ಮುಚ್ಚಿದ್ದ ಗಂಟಲು. ಕಲ್ಯಾಣಿಯಮ್ಮ ಗೋಡೆ ಹಿಡಿದು ಮಗ್ಗದ ಕೋಣೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು.

"ಅಮ್ಮಾ!" ಎಂದಳು ಜಾನು.

"ಬಿಡು ಜಾನು. ಇವ್ರೆಲ್ಲ ನಿಮ್ಮಪ್ಪನ್ನ ಕೆಟ್ಟವರು ಅಂದ್ಕೊಂಡಿದ್ದಾರೆ. ಅದನ್ನ ಹೊತ್ಕೊಂಡು ಅವ್ರು ಹೋಗೋದು ಬೇಡ." ಅವಳು ಹೆಣದ ಕಡೆ ನೋಡುತ್ತಲೇ ಮಾತಾಡಿದಳು. "ಇವ್ರೇ ಕೂರಿಸಿದ್ರು ನನ್ನ. 'ಬೀದೀಲಿ ನನ್ನ ಮಗ್ಗದ ಸದ್ದು ಕೇಳ್ತಿರಲಿ, ನಾನು ಹಿತ್ತಲಿಂದ ಗೋದಾಮಿಗೆ ಹೋಗಿ ಮೂಟೆ ಬಿಚ್ಚಿ ನೋಡ್ಕೊಂಡು ಬರ್ತೀನಿ, ಸೇಠನ ಕಡೆಯವ್ರಿಗೆ ಗೊತ್ತಾಗಬಾರದು' ಅಂದ್ರು. ಇವ್ರು ಹೋದ ಮೇಲೆ ಚಿರುತೆಯಮ್ಮನ ಸುದ್ದಿ ಬಂತು. ಏಳಲಾ, ಕೂರಲಾ? ಎದ್ರೆ ಇವ್ರು ಸಿಕ್ಕಿಬೀಳ್ತಾರೆ. ಕಣ್ಣೀರು ಸುರಿಸ್ತಾ ನೇಯ್ದೆ. ಅದೇ ಪಾಪ ತಟ್ಟಿತು."

ರೈರು ಬೆಳಗ್ಗೆ ಮನೆಯಲ್ಲಿ ಸತ್ತಿರಲಿಲ್ಲ. ರೈರು ಗೋದಾಮಿಗೆ ಹೋಗಿದ್ದ. ಬಾಂಗಿನವರೆಗೆ ಅಚ್ಯುತನ್ ಕದಲದೆ ಇದ್ದ ಅದೇ ಗೋದಾಮಿಗೆ.

ನಂಬಿಯಾರ್ ನಿಧಾನವಾಗಿ ತಿರುಗಿದರು. "ಕೋಯಾ, ಅಳಿಯ ಬೆಳಗ್ಗೆಯೆಲ್ಲ ಅಲ್ಲೇ ಇದ್ದ ಅಂತ ಖಲಾಸಿಗಳ ಸಾಕ್ಷಿ ತಂದುಕೊಟ್ಟವರು ನೀವೇ ಅಲ್ವಾ?"

ಕೋಯ ಬಾಗಿಲ ಕಡೆ ತಿರುಗಿದ. "ಕಲ್ಯಾಣಿಯಮ್ಮ, ಅವ್ರು ವಾಪಸ್ಸು ಬಂದದ್ದು ಯಾವಾಗ?"

"ಬರ್ಲಿಲ್ಲ." ಅವಳು ಕಣ್ಣು ಮುಚ್ಚಿದಳು. "ಬಾಂಗ್ ಆಯ್ತು. ಅಳಿಯ ಕೈಗಾಡೀಲಿ ಒಂದು ಮೂಟೆ ತಂದು ಹಿತ್ತಲಿಂದ ಒಳಗಿಟ್ಟ. ಗೋದಾಮಿನಿಂದ ವಾಪಸ್ಸು ಬಂದ ಬಟ್ಟೆ ಅಂದ. ನಾನು ಕೈಕಾಲು ತೊಳೆಯೋಕೆ ಬಾವಿಕಟ್ಟೆಗೆ ಹೋದೆ. ಒಳಗೆ ಅವ್ನು ಕಿರುಚಿದ್ದು ಕೇಳ್ತು. ಬಂದು ನೋಡಿದ್ರೆ ಅವ್ನಿಲ್ಲ. ಮೂಟೆಯ ಪಕ್ಕ ಸೀಳಿತ್ತು. ಇವ್ರು ಅದರೊಳಗಿಂದ ಉರುಳಿ ಗುಂಡೀಲಿದ್ರು."

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?" ಗದರಿದರು ನಂಬಿಯಾರ್. "ಪೊಲೀಸ್ರು ಬಂದಾಗ ಅಲ್ಲಿ ಮೂಟೆ ಗೀಟೆ ಏನೂ ಇರಲಿಲ್ಲವಲ್ಲ! ಅಳಿಯನ್ನ ಉಳಿಸೋಕಾ?"

ಕಲ್ಯಾಣಿಯಮ್ಮನ ಕಣ್ಣು ಒಂದು ಗಳಿಗೆ, ಒಂದೇ ಗಳಿಗೆ, ಕೋಣೆಯ ಮೂಲೆಯ ಕಡೆ ಹೋಗಿ ಬಂತು. ಕೋಯ ಅದನ್ನು ಕಂಡ. ಚಪ್ಪಲಿ ಕಳಚಿ ಒಳಗೆ ಹೋದ. ಎರಡು ದಿನ ಅವಳು ಬಿಟ್ಟೇಳದ ಗೋಣಿತಾಟು ಅಲ್ಲೇ ಇತ್ತು.

"ಅದನ್ನ ಮುಟ್ಟಬೇಡಿ!" ಕಲ್ಯಾಣಿಯಮ್ಮ ಕೂಗಿದಳು. "ಅದೂ ಚಿತೆಗೆ ಹೋಗ್ಲಿ! ಕೋಯಾಕಾ, ನಿಮ್ಮ ಮಕ್ಕಳಾಣೆ!"

ಕೋಯ ಮಡಿಕೆ ಬಿಡಿಸಿದ. ಅದು ಆ ಮೂಟೆಯ ಚೀಲವೇ. ಒಂದು ಪಕ್ಕದಲ್ಲಿ ಚಾಕುವಿನಿಂದ ಸೀಳಿದ್ದರು. ಬಾಯಿಯ ಹೊಲಿಗೆ ಹಾಗೇ ಉಳಿದಿತ್ತು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಗೋದಾಮಿನಲ್ಲಿ ಒಬ್ಬಳಿಗೆ ಮಾತ್ರ ಬರುವ ಹೊಲಿಗೆ.

ಹೊಲಿದರೇನಾಯಿತು ಎಂದು ಅವನ ಮನಸ್ಸು ಚಡಪಡಿಸಿತು. ದಿನಾ ಹೊಲಿಯುತ್ತಾಳೆ. ಒಳಗೇನಿದೆ ಎಂದು ನೋಡಿ ಹೊಲಿಯುತ್ತಾಳೆಯೇ? ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋದವಳಿಗೆ ಚಿರುತೆಯಮ್ಮ ಸತ್ತದ್ದೂ ಗೊತ್ತಿರಲಿಕ್ಕಿಲ್ಲ. ಅದಕ್ಕೇ ಅಲ್ಲವೇ, ಅವತ್ತು ಅವಳು ಹೊಲಿದ ಅಷ್ಟೂ ಮೂಟೆಗಳಿಗೆ ಹುಣಸೆ ಬೀಜದಂಥ ಗಂಟು?

ಹೊಲಿಗೆಯ ಮೇಲೆ ಬೆರಳಾಡಿಸುತ್ತ ತುದಿಗೆ ಬಂದ. ದಾರ ಸುಮ್ಮನೆ ಜೋಲುತ್ತಿತ್ತು. ಈ ಒಂದು ಮೂಟೆಗೆ ಗಂಟು ಹಾಕಿರಲಿಲ್ಲ. ಹೆಣ ಇದ್ದಾಗ ಯಾವ ನೂಲಿಗೂ ಗಂಟಿಲ್ಲ ಎಂದಿದ್ದ ಚೋಯಿ.

"ಏನ್ ಕೋಯಾ?" ನಂಬಿಯಾರರ ಬೂಟು ಜಗಲಿಯ ಮೇಲೆ ಸದ್ದು ಮಾಡಿತು. "ಏನಿದೆ ಆ ಗೋಣೀಲಿ? ಇಲ್ಲಿ ಕೊಡಿ."

ಕೋಯ ತಲೆಯೆತ್ತಿದ. ಬಾಗಿಲ ಬಳಿ ತಾಯಿಯ ಕೈ ಹಿಡಿದುಕೊಂಡು ಜಾನು ನಿಂತಿದ್ದಳು. ಅವಳು ಗೋಣಿಯನ್ನು ನೋಡುತ್ತಿರಲಿಲ್ಲ, ಇನ್‌ಸ್ಪೆಕ್ಟರರನ್ನೂ ನೋಡುತ್ತಿರಲಿಲ್ಲ. ಕೋಯನ ಹೆಗಲುಚೀಲದ ಪಟ್ಟಿಯ ಮೇಲಿದ್ದ ತನ್ನದೇ ಗಂಟನ್ನು ನೋಡುತ್ತಿದ್ದಳು.